ಬಲಗಡೆ ಸೀಟಿನ ಗಂಡ

ಮೈಮೇಲೆ ಕರಿ ಸೂಟು, ಕುತ್ತಿಗೆಗೆ ಕರಿ ಟೈ, ಕಾಲಿಗೆ ಮಾತ್ರ ಮಂಡಿವರೆಗಿನ ರಬ್ಬರ್ ಬೂಟು. ಲೋಯ್ಜಾ ಈ ವೇಷದಲ್ಲಿ ಟ್ರ್ಯಾಕ್ಟರ್ ಹತ್ತಿ ಹುಲ್ಲು ಕೊಯ್ಯುತ್ತಿದ್ದ. ಪುಟ್ಟ ವಿಮಾನಗಳು ಇಳಿಯುವ ಹುಲ್ಲಿನ ಪಟ್ಟಿ ಅದು. ಈ ತುದಿಯಿಂದ ಹೊರಟು ಆ ತುದಿಗೆ ಹೋಗಿ ತಿರುಗುವಾಗೆಲ್ಲ ಟೈ ಹಾರಿ ಅವನ ಬೆನ್ನಿಗೆ ಬಡಿಯುತ್ತಿತ್ತು.

"ಭಾವಾ! ಏ ಭಾವಾ! ಇಳೀರಿ ಕೆಳಗೆ!"

ನಾದಿನಿ ವ್ಲಾಸ್ತಾ ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಓಡಿ ಬರುತ್ತಿದ್ದಳು. ಹೆಜ್ಜೆಗೊಂದು ಸಲ ಹಿಮ್ಮಡಿ ಮಣ್ಣಿಗೆ ಇಳಿಯುತ್ತಿತ್ತು, ಅವಳು ಅದನ್ನು ಕಿತ್ತುಕೊಂಡು ಮುಂದಿನ ಹೆಜ್ಜೆ ಇಡುತ್ತಿದ್ದಳು. ದೂರದಿಂದ ನೋಡಿದವರು ಭತ್ತದ ನಾಟಿ ನಡೆಯುತ್ತಿದೆ ಅಂದುಕೊಳ್ಳಬೇಕು.

ಲೋಯ್ಜಾ ಇಂಜಿನ್ ನಿಲ್ಲಿಸಿದ. "ನೆಲದ ಮೇಲೇ ಇದೀನಲ್ಲ ವ್ಲಾಸ್ತಾ, ಇನ್ನೂ ಎಲ್ಲಿಗೆ ಇಳೀಲಿ?"

"ನನ್ನಕ್ಕ ಅಲ್ಲಿ ಪೆಟ್ಟಿಗೇಲಿ ಮಲಗಿದಾಳೆ. ನೀವಿಲ್ಲಿ ಹುಲ್ಲು ಕೊಯ್ತಾ ಇದೀರಿ. ಊರು ಏನನ್ನಲ್ಲ?"

"ಊರಿಗೇನು, ನಡ್ಕೊಂಡ್ ಬರುತ್ತೆ. ಹಾರ್ಕೊಂಡ್ ಬರೋರು ಎಲ್ಲಿ ಇಳೀಬೇಕು? ಒತ್ತಾಗಿ ಬೆಳ್ದಿತ್ತು. ಓತಿಲ್ಕಾ ಇದ್ದಿದ್ರೆ ನನ್ನ ಚರ್ಮ ಸುಲೀತಿದ್ಲು." ಅವನು ಸೀಟಿನ ಮೇಲೆಯೇ ತಿರುಗಿ ತಾನು ಕೊಯ್ದ ಸಾಲು ನೋಡಿದ. "ನೋಡು, ದಾರ ಹಿಡಿದ ಹಾಗಿದೆ. ನಿನ್ನಕ್ಕ ಬದುಕಿರೋವರ್ಗೂ ಸೊಟ್ಟ ಸೊಟ್ಟ ಅಂತಾನೇ ಇದ್ಲು. ಎಲ್ಲಿದೆ ಸೊಟ್ಟ?"

ವ್ಲಾಸ್ತಾ ನೋಡಿದಳು. ನೇರವಾಗಿಯೇ ಕಂಡಿತು. ಆದರೆ ಅವಳು ಬಂದದ್ದು ಸಾಲು ನೋಡುವುದಕ್ಕಲ್ಲ.

"ಅಂಚೆಯ ಯಾರ್ಮಿಲಾ ಹೇಳಿದ್ದು ನಿಜಾನಾ? ಅಕ್ಕನ್ನ ಗುಂಡಿಗೆ ಇಳಿಸೋವಾಗ ನೀವು ಮೇಲೆ ಹಾರಾಡ್ತಿರ್ತೀರಂತೆ?"

"ನಿನ್ನಕ್ಕ ಕೇಳಿದ್ದು ನಿಜ. ನಾನು ಒಪ್ಕೊಂಡಿದ್ದೂ ನಿಜ." ಲೋಯ್ಜಾ ಆಕಾಶ ನೋಡಿ ತಟ್ಟನೆ ಕಣ್ಣು ಕೆಳಗಿಳಿಸಿದ. "ಹತ್ತೋದೊಂದು ಇನ್ನೂ ನಿಜ ಆಗಿಲ್ಲ."

"ಆಗೋದೂ ಬೇಡ. ಗುಂಡಿ ಪಕ್ಕದಲ್ಲಿ ಕುರ್ಚಿ ಹಾಕ್ಸಿದೀನಿ. ನಿಮ್ಮನೆ ಅಡುಗೆಮನೇದೇ. ಅದು ಖಾಲಿ ಇರಕೂಡದು."

ಅವರ ಊರು ವಿಶೆಂಕಾದಲ್ಲಿ ಅದೊಂದು ಪದ್ಧತಿ. ಸತ್ತವರ ಗಂಡನಿಗೋ ಹೆಂಡತಿಗೋ ಅವರ ಅಡುಗೆಮನೆಯ ಕುರ್ಚಿಯನ್ನೇ ಗುಂಡಿಯ ಬದಿಗೆ ಹೊತ್ತು ತರುತ್ತಾರೆ. ಅದು ಖಾಲಿ ಉಳಿದರೆ ಸತ್ತವರು ಮನೆಗೆ ವಾಪಸು ಬಂದು, ಯಾಕೆ ಬರಲಿಲ್ಲ ಅಂತ ಕೇಳುತ್ತಾರಂತೆ. ಹಾಗೆ ಬಂದು ಕೇಳಿದವರನ್ನು ಕಣ್ಣಾರೆ ಕಂಡವರು ಊರಿನಲ್ಲಿ ಮೂವರಿದ್ದರು. ಮೂವರೂ ಕುಡುಕರು, ಆದರೆ ಸುಳ್ಳು ಹೇಳುವವರಲ್ಲ.

ಆ ಬಯಲಿನಲ್ಲಿ ಗಾಳಿ ಎದ್ದರೆ ಈ ಊರಿನ ನಾಯಿ ಬೊಗಳಿದ್ದು ಪಕ್ಕದೂರಿಗೆ ಹೋಗಿ ಕೇಳಿಸುತ್ತದೆ, ಇಲ್ಲಿನ ಕಳ್ಳರು ಅಂಥ ದಿನಕ್ಕೇ ಕಾಯುತ್ತಾರೆ. ಅಂದು ಮಾತ್ರ ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ ಕಂಬಕ್ಕೆ ಒರಗಿ ನಿದ್ದೆ ಮಾಡುತ್ತಿತ್ತು. ಹಾರಲು ಅದಕ್ಕಿಂತ ಒಳ್ಳೆಯ ದಿನ ಸಿಗದು. ಸಣ್ಣದೊಂದು ಬಿರುಗಾಳಿಗಾಗಿ ಲೋಯ್ಜಾ ಬೆಳಗಿನಿಂದ ಮೂರು ಸಲ ದೇವರನ್ನು ಕೇಳಿಕೊಂಡಿದ್ದ. ದೇವರು, ಅವನು ಮುದ್ದಿಗೆ ಓತಿಲ್ಕಾ ಅನ್ನುತ್ತಿದ್ದ ಓತಿಲಿಯಾಳ ಪಕ್ಷ ವಹಿಸಿದ್ದ.

*

ಹಿಂದಿನ ತಿಂಗಳು ಅವಳು ಅಡುಗೆಮನೆಯ ಅದೇ ಕುರ್ಚಿಯ ಮೇಲೆ ಕೂತು ಕಡುಬಿಗೆ ಏಪ್ರಿಕಾಟ್ ಬೀಜ ತೆಗೆಯುತ್ತಿದ್ದಳು. ಮೊದಲೇ ಗುಬ್ಬಚ್ಚಿಯಂಥ ಮೈ, ಕಾಯಿಲೆ ಬಿದ್ದ ಮೇಲೆ ಕುರ್ಚಿಯಲ್ಲಿ ಯಾರಾದರೂ ಕೂತಿದ್ದಾರೋ ಇಲ್ಲವೋ ಅಂತ ಎರಡು ಸಲ ನೋಡಬೇಕಿತ್ತು. ದನಿ ಮಾತ್ರ ಇಳಿದಿರಲಿಲ್ಲ.

"ಲೋಯ್ಜಾ, ನನ್ನ ಕೆಳಗೆ ಇಳಿಸೋವಾಗ ನೀನು ಮೇಲಿರ್ಬೇಕು."

"ಎಲ್ಲಿ ಮೇಲೆ?"

"ಅಟ್ಟದ ಮೇಲೆ. ಅಯ್ಯೋ ಪೆದ್ದೇ, ವಿಮಾನದಲ್ಲಿ! ಯಾರ್ಮಿಲಾ ಓಡಿಸ್ತಾಳೆ. ನೀನು ಬಲಗಡೆ ಸೀಟಲ್ಲಿ ಕೂತ್ಕೋ, ಅಷ್ಟೇ. ಜೀವನ ಎಲ್ಲ ತೂಕದ ಮನೇಲಿ ಕಳೆದೋನು ನೀನು. ಒಂದು ತಟ್ಟೆ ಇಳಿದ್ರೆ ಇನ್ನೊಂದು ಏರ್ಬೇಕೋ ಬೇಡ್ವೋ?"

"ನಮ್ಮದು ಲಾರಿ ತೂಗೋ ಯಂತ್ರ. ಅದ್ರಲ್ಲಿ ತಟ್ಟೆ ಇಲ್ಲ."

"ಮಾತು ತಿರುಗಿಸ್ಬೇಡ. ಹೂಂ ಅನ್ನು."

ಲೋಯ್ಜಾ ಕಿಟಕಿಯಾಚೆ ನೋಡಿದ. ಮರದ ತುಂಬ ಹಣ್ಣಿತ್ತು.

"ಆಗ್ಲಿ," ಅಂದ. "ಏಪ್ರಿಕಾಟ್ ಒಂದು ಮುಗೀಲಿ."

ಇದು ಹೊಸ ಉತ್ತರವೇನಲ್ಲ. ಅವಳು ಹಾರಲು ಕರೆದಾಗಲೆಲ್ಲ ಅವನು ಇದೇ ಉತ್ತರ ಕೊಡುತ್ತಿದ್ದ, ಹಣ್ಣು ಮಾತ್ರ ಬದಲಾಗುತ್ತಿತ್ತು. ಚೆರ್ರಿ ಮುಗೀಲಿ. ಗೋಧಿ ಒಳಗೆ ಬರ್ಲಿ. ಪ್ಲಮ್ ಸಾರಾಯಿ ಬಟ್ಟಿ ಇಳೀಲಿ. ದ್ರಾಕ್ಷಿ ಆಗ್ಲಿ, ಆಮೇಲೆ ಹಂದಿ ಕುಯ್ಯೋದಿದೆ, ಅದು ಕಳೀಲಿ. ಹಂದಿ ಕಳೆಯುವ ಹೊತ್ತಿಗೆ ಹಿಮ ಬೀಳುತ್ತಿತ್ತು, ಹಿಮದಲ್ಲಿ ಯಾರು ಹಾರುತ್ತಾರೆ? ನಿಜ ಸಂಗತಿ ಊರಿಗೆಲ್ಲ ಗೊತ್ತಿತ್ತು. ಲೋಯ್ಜಾ ಏಣಿಯ ಎರಡನೇ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಅವರ ಮನೆಯ ಚೆರ್ರಿ ಮರದಲ್ಲಿ ಕೆಳಗಿನ ಕೊಂಬೆ ಲೋಯ್ಜಾನದು, ಮೇಲಿನ ಕೊಂಬೆ ಓತಿಲಿಯಾಳದು. ಮದುವೆಯಲ್ಲಿ ದಪ್ಪ ಹಿಮ್ಮಡಿಯ ಬೂಟು ಹಾಕಿದ್ದಕ್ಕೇ ಅವನಿಗೆ ತಲೆ ಸುತ್ತಿತ್ತು ಅಂತ ವಾದ್ಯದವರು ಇವತ್ತಿಗೂ ಹೇಳುತ್ತಾರೆ.

ಏಪ್ರಿಕಾಟ್ ಮುಗಿಯಿತು. ಗೋಧಿ ಕಣಜ ಸೇರಿತು. ಪ್ಲಮ್ ಇನ್ನೂ ಹಸಿರು ಕಾಯಿ, ದ್ರಾಕ್ಷಿ ಹುಳಿ. ವರ್ಷದಲ್ಲಿ ನೆಪವೇ ಇಲ್ಲದ ವಾರ ಅಂತ ಇರುವುದು ಅದೊಂದೇ. ನೋಡಿ, ಓತಿಲಿಯಾ ಸರಿಯಾಗಿ ಆ ವಾರವೇ ಕಣ್ಣು ಮುಚ್ಚಿದಳು.

*

ಲೋಯ್ಜಾ ಟ್ರ್ಯಾಕ್ಟರನ್ನು ಕೊಟ್ಟಿಗೆಯೊಳಗೆ ನಿಲ್ಲಿಸಿ ಬೂಟು ಬದಲಿಸುವಷ್ಟರಲ್ಲಿ ಮೊದಲ ವಿಮಾನ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕೆಲವಕ್ಕೆ ಬಟ್ಟೆಯ ರೆಕ್ಕೆ, ಕೆಲವಕ್ಕೆ ತಗಡಿನದು. ಎಲ್ಲವೂ ಇಬ್ಬರು ಕೂರುವಂಥವು, ಒಬ್ಬನೇ ಬಾಲ ಹಿಡಿದು ಹುಲ್ಲಿನ ಮೇಲೆ ಎಳೆಯಬಹುದಾದಂಥವು. ಇಳಿದವರು ವಿಮಾನಕ್ಕೆ ಗೂಟ ಹೊಡೆದು ಕಟ್ಟಿ, ಸೀಟಿನ ಹಿಂದಿನಿಂದ ಕರಿ ಕೋಟು ತೆಗೆದು, ಕೊಡವಿ ಹಾಕಿಕೊಳ್ಳುತ್ತಿದ್ದರು.

ಯಾರ್ಮಿಲಾ ಅವರನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ಊರಿನ ಅಂಚೆಯವಳು, ನಲವತ್ತರ ಹೆಂಗಸು, ಓತಿಲಿಯಾಳ ಕೈಯಲ್ಲೇ ಹಾರಲು ಕಲಿತವಳು.

"ಲೋಯ್ಜಾ ಮಾಮ, ಇಷ್ಟೊಂದು ಜನ! ಸ್ಲೊವಾಕಿಯಾ, ಹಂಗೇರಿ, ಪೋಲೆಂಡು, ಎಲ್ಲಾ ಕಡೆಯಿಂದ ಬಂದಿದಾರೆ. ಅತ್ತೆ ಇಳಿಯದೆ ಇರೋ ಬಯಲೇ ಇಲ್ಲ ಅನ್ಸುತ್ತೆ."

ಹಳದಿ ವಿಮಾನವೊಂದರಿಂದ ಒಬ್ಬ ದೈತ್ಯ ಇಳಿದ. ಅವನು ಇಳಿದ ಮೇಲೆ ವಿಮಾನ ಒಂದು ಗೇಣು ಮೇಲೆದ್ದಿತು. ಸ್ಲೊವಾಕಿಯಾದಿಂದ ಬಂದವನು, ಹೆಸರು ಒಂದ್ರೇಯ್. ಅವನು ನೇರವಾಗಿ ಲೋಯ್ಜಾನ ಹತ್ತಿರ ಬಂದು, ಕರಿ ಪಟ್ಟಿ ಕಟ್ಟಿದ್ದ ತೋಳು ನೋಡಿ, ಮುಖ ನೋಡಿ, ಎರಡೂ ಕೈ ಚಾಚಿ ಅಪ್ಪಿಕೊಂಡ.

"ಲೋಯ್ಜಾ! ಅಣ್ಣಾ! ಕೊನೆಗೂ ಕೆಳಗೆ ಇಳಿದ್ಯಲ್ಲೋ!"

ಲೋಯ್ಜಾನಿಗೆ ಉಸಿರು ಕಟ್ಟಿತು. ಅವನು ಈ ಮನುಷ್ಯನನ್ನು ಜನ್ಮದಲ್ಲಿ ನೋಡಿರಲಿಲ್ಲ.

"ಎಷ್ಟು ಸಣ್ಣ ಆಗೋಗಿದೀಯ," ಒಂದ್ರೇಯ್ ಅವನ ಹೆಗಲು ಹಿಸುಕಿ ನೋಡಿದ. "ಸೀಟಲ್ಲಿ ಕೂತಾಗ ಗುಂಡುಗುಂಡಾಗಿ ಕಾಣ್ತಿದ್ದೆ. ದುಃಖ, ದುಃಖ. ನಂಗೊತ್ತು."

"ಯಾವ ಸೀಟು?"

"ಇನ್ಯಾವ ಸೀಟು? ಬಲಗಡೇದು! ವರ್ಷಾ ವರ್ಷಾ ನಮ್ಮ ಬಯಲಿಗೆ ಬರ್ತಿದ್ರಲ್ಲ ನೀವಿಬ್ರೂ. ಓತಿಲಿಯಾ ಇಳಿದು ಬಂದು ನಮ್ಮ ಜೊತೆ ಊಟಕ್ಕೆ ಕೂರ್ತಿದ್ಲು. ನೀನು ಅಲ್ಲೇ ಹ್ಯಾಟು ಮುಖಕ್ಕೆ ಎಳ್ಕೊಂಡು ನಿದ್ದೆ. ನಾನು ಎಷ್ಟು ಸಲ ಕರೆಯೋಕೆ ಹೊರಟೆ! ಅವಳು ಬಿಡ್ತಿರ್ಲಿಲ್ಲ. ಬೇಡಪ್ಪ, ನನ್ನ ಗಂಡನಿಗೆ ಆಕಾಶ ಅಂದ್ರೆ ಪ್ರಾಣ, ನೆಲ ಕಂಡ್ರೆ ತಲೆ ತಿರುಗುತ್ತೆ ಅಂತಿದ್ಲು."

ಒಂದ್ರೇಯ್‌ನ ಹೆಂಡತಿ ಹಿಂದಿನಿಂದ ಬಂದು ಲೋಯ್ಜಾನ ಕೈ ಹಿಡಿದುಕೊಂಡಳು. "ನಾನು ಕಳಿಸ್ತಿದ್ದ ಗಸಗಸೆ ಸುರುಳಿ ತಿಂತಿದ್ರಾ ಅಣ್ಣ? ನಿಮಗೇ ಅಂತ ಬೇರೆ ಮಾಡ್ತಿದ್ದೆ, ಒಣದ್ರಾಕ್ಷಿ ಹಾಕದೆ. ನಿಮಗೆ ಒಣದ್ರಾಕ್ಷಿ ಆಗಲ್ಲ ಅಂತ ಓತಿಲಿಯಾ ಹೇಳಿದ್ಲು."

ಲೋಯ್ಜಾನಿಗೆ ಒಣದ್ರಾಕ್ಷಿ ಆಗುತ್ತಿರಲಿಲ್ಲ. ಗಸಗಸೆ ಸುರುಳಿಯನ್ನೂ ತಿಂದಿದ್ದ. ತಗೋ, ನಿನ್ನ ಸ್ನೇಹಿತರು ಕಳಿಸಿದಾರೆ ಅಂತ ಓತಿಲಿಯಾ ಪ್ರತಿ ಬೇಸಿಗೆ ಮೇಜಿನ ಮೇಲೆ ಇಡುತ್ತಿದ್ದಳು. ತನಗೆ ಎಲ್ಲಿಯ ಸ್ನೇಹಿತರು ಅಂತ ಅವನು ನಕ್ಕು ತಿನ್ನುತ್ತಿದ್ದ.

"ತಿಂದೆ," ಅಂದ ಲೋಯ್ಜಾ. "ತುಂಬಾ ಚೆನ್ನಾಗಿತ್ತಮ್ಮ."

ಅಷ್ಟರಲ್ಲಿ ಇನ್ನೊಬ್ಬ ಬಂದು ಟೊಪ್ಪಿ ತೆಗೆದ, ಮತ್ತೊಬ್ಬ ಬಂದು ಕೈ ಕುಲುಕಿದ. ಎಲ್ಲರಿಗೂ ಲೋಯ್ಜಾ ಗೊತ್ತು. ಸರೋವರದ ಬಯಲಿನಲ್ಲಿ ಆಲಿಕಲ್ಲು ಬಿದ್ದಾಗ ಎಲ್ಲರೂ ಓಡಿದರೂ ಕದಲದೆ ವಿಮಾನದಲ್ಲೇ ಕೂತಿದ್ದ ಲೋಯ್ಜಾ. ಹಂಗೇರಿಯಲ್ಲಿ ಗೂಳಿ ನುಗ್ಗಿ ರೆಕ್ಕೆಗೆ ಕೊಂಬು ಉಜ್ಜಿದಾಗಲೂ ರೆಪ್ಪೆ ಬಡಿಯದ ಲೋಯ್ಜಾ. ಪೋಲೆಂಡಿನ ಮುದುಕನೊಬ್ಬ ಅವನ ಕೈ ಹಿಡಿದು ಕಣ್ಣೀರಿಟ್ಟ. ಇಂಥ ಧೈರ್ಯಸ್ಥನನ್ನು ತಾನು ಸೈನ್ಯದಲ್ಲೂ ನೋಡಿಲ್ಲ ಅಂದ.

"ಇವತ್ತು ಮೇಲೆ ಹೋಗ್ತೀಯಂತಲ್ಲ," ಒಂದ್ರೇಯ್ ಅವನ ಬೆನ್ನು ತಟ್ಟಿದ. "ಯಾರ್ಮಿಲಾ ಹೇಳಿದ್ಲು. ಸರಿಯಾಗಿದೆ. ನೀನು ನೆಲದ ಮೇಲೆ ನಿಂತಿದ್ರೆ ಓತಿಲಿಯಾಗೆ ಗುರುತೇ ಸಿಗಲ್ಲ."

ಲೋಯ್ಜಾ ಯಾರ್ಮಿಲಾಳ ಕಡೆ ನೋಡಿದ. ಅವಳು ತುಟಿ ಕಚ್ಚಿಕೊಂಡು ತನ್ನ ಬೂಟು ನೋಡುತ್ತಿದ್ದಳು.

*

ಓತಿಲಿಯಾ ಲಾರಿಗಳ ಟಾರ್ಪಾಲು ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಹಳೆಯ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಊರಿನ ನಾಲ್ಕು ಗಂಡಸರು ಒಂದು ಹೊರೆ ಬಟ್ಟೆ ಹೊತ್ತು ತಂದು, ಡೇರೆ ಹೊಲಿದು ಕೊಡು ಅಂದರು. ಅವಳು ಅಳತೆ ನೋಡಿ, ಮೂಲೆ ನೋಡಿ, "ಈ ಡೇರೆಯೊಳಗೆ ಮಲಗೋರು ಎದ್ದಾಗ ಎಲ್ಲಿರ್ತಾರೆ?" ಅಂತ ಕೇಳಿದಳು. ಕದ್ದುಮುಚ್ಚಿ ಕಟ್ಟುತ್ತಿದ್ದ ರೆಕ್ಕೆ ಅದು. ಅದಕ್ಕೆ ಜೋಡಿಸಿದ್ದು ಟ್ರಬಾಂಟ್ ಕಾರಿನ ಇಂಜಿನು. ಅದು ಉಗುಳಿದ ಹೊಗೆಗೆ ಊರಿನ ಬಿಳಿ ಬಾತುಗಳು ಒಂದು ತಿಂಗಳು ಕರಿ ಬಾತುಗಳಾಗಿದ್ದವು. ಹೊಲಿಗೆಯ ಕೂಲಿಗೆ ಬದಲು ತನ್ನನ್ನು ಒಂದು ಸಲ ಮೇಲೆ ಕರೆದುಕೊಂಡು ಹೋಗಬೇಕು ಅಂದಳು ಓತಿಲಿಯಾ. ಕರೆದುಕೊಂಡು ಹೋದರು. ಇಳಿದದ್ದು ಬೀಟ್‌ರೂಟ್ ಹೊಲದಲ್ಲಿ, ಅರ್ಧ ಬೆಳೆ ಕಿತ್ತುಕೊಂಡು. ಮೈಯೆಲ್ಲ ಕೆಂಪು ಮಾಡಿಕೊಂಡು ನಗುತ್ತ ಎದ್ದವಳು ಮತ್ತೆ ಸಾಯುವವರೆಗೂ ಆ ಹುಚ್ಚು ಬಿಡಲಿಲ್ಲ.

ಕಾಲ ಬದಲಾಯಿತು. ಅರವತ್ತು ದಾಟಿದ ಮೇಲೆ ಅವಳು ಸ್ವಂತ ವಿಮಾನ ಓಡಿಸುವ ಪರವಾನಗಿ ತಗೊಂಡಳು. ಕಲಿಸುವವನು ಅವಳನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದ್ದ.

"ಅಮ್ಮಾ, ನೀವು ತುಂಬಾ ಹಗುರ. ಈ ವಿಮಾನಕ್ಕೆ ಇಷ್ಟಾದ್ರೂ ಭಾರ ಕೂತಿರ್ಬೇಕು ಅಂತ ಲೆಕ್ಕ ಇದೆ. ಇಲ್ದಿದ್ರೆ ಮೂತಿ ಮೇಲೆತ್ಕೊಂಡು ಕರವಸ್ತ್ರದ ಥರ ಹೋಗ್ಬಿಡುತ್ತೆ. ಪಕ್ಕದ ಸೀಟಲ್ಲಿ ಯಾರನ್ನಾದ್ರೂ ಕೂರಿಸ್ಕೊಳ್ಳಿ. ಇಲ್ಲಾಂದ್ರೆ ಒಂದು ಮೂಟೆ ಕಟ್ಕೊಳ್ಳಿ."

ಅವಳು ಮನೆಗೆ ಬಂದು ಲೋಯ್ಜಾನ ಮುಂದೆ ನಿಂತಳು. "ನೀನು ಬರ್ತೀಯೋ, ಮೂಟೆ ಬರುತ್ತೋ?"

"ಚೆರ್ರಿ ಮುಗೀಲಿ," ಅಂದ ಲೋಯ್ಜಾ. ಅಂದು ಸಂಜೆಯೇ ತನ್ನ ಕಣಜದ ಗೋಧಿ ತೂಗಿ ಮೂಟೆ ತುಂಬಿ ಕೊಟ್ಟ. ತೂಗುವುದರಲ್ಲಿ ಅವನು ಎತ್ತಿದ ಕೈ. ಅವಳಿಗೆ ಜ್ವರ ಬಂದು ಮೈ ಇಳಿದರೆ ಆ ವಾರ ಮೂಟೆಗೆ ಇನ್ನೆರಡು ಬೊಗಸೆ ಬೀಳುತ್ತಿತ್ತು. ಕ್ರಿಸ್‌ಮಸ್ ಕಳೆದ ಮೇಲೆ ನಾಲ್ಕು ಬೊಗಸೆ ತೆಗೆಯುತ್ತಿದ್ದ. ಕಳೆದ ವಸಂತದಲ್ಲಿ ಮಾತ್ರ ಬೊಗಸೆ ಬೊಗಸೆ ಸುರಿಯುತ್ತಲೇ ಇದ್ದ, ತಕ್ಕಡಿಯ ಮುಳ್ಳು ಸರಿಗೆ ಬರುತ್ತಲೇ ಇರಲಿಲ್ಲ. ಡಾಕ್ಟರು ಹೇಳುವ ಮೊದಲೇ ಲೋಯ್ಜಾನಿಗೆ ತಿಳಿದುಹೋಗಿತ್ತು.

ಮೂಟೆ ಕಟ್ಟಿ ಕೊಡುವುದಷ್ಟೇ ಅವನ ಕೆಲಸ. ಆಮೇಲೆ ಪ್ಲಮ್ ಮರಗಳ ಹಿಂದೆ ಹೋಗಿ ಬೆನ್ನು ಮಾಡಿ ನಿಲ್ಲುತ್ತಿದ್ದ. ಅವಳು ಏರುವುದನ್ನೂ ನೋಡಲಿಲ್ಲ, ಇಳಿಯುವುದನ್ನೂ ನೋಡಲಿಲ್ಲ, ಇಂಜಿನಿನ ಸದ್ದು ಕೇಳಿಯೇ ಬಂದಳೋ ಹೋದಳೋ ಹೇಳುತ್ತಿದ್ದ. ಇಳಿದು ಬಂದವಳು ದಿನಾ ಅದೇ ಮಾತು: "ಲೋಯ್ಜಾ, ನೀನು ಕೊಯ್ದಿರೋ ಪಟ್ಟಿ ಸೊಟ್ಟ."

*

ವಿಮಾನದ ಕೊಟ್ಟಿಗೆಯಲ್ಲಿ ಯಾರ್ಮಿಲಾ ಓತಿಲಿಯಾಳ ಬಿಳಿ ವಿಮಾನದ ಬಾಗಿಲು ತೆರೆದಳು. ಲೋಯ್ಜಾ ಎರಡು ಹೆಜ್ಜೆ ದೂರದಲ್ಲೇ ನಿಂತು ಕತ್ತು ಚಾಚಿದ.

ಬಲಗಡೆ ಸೀಟಿನಲ್ಲಿ ಅವನೇ ಕೂತಿದ್ದ. ಕಂದು ಕಾರ್ಡುರಾಯ್ ಕೋಟು. ಬಡವರಿಗೆ ಕೊಡಲು ಚರ್ಚಿಗೆ ಕಳಿಸಿದೆ ಅಂತ ಓತಿಲಿಯಾ ಹೇಳಿದ್ದ ಕೋಟು. ಗಾಳಿಗೆ ಹಾರಿಹೋಯಿತು ಅಂದಿದ್ದ ಹಸಿರು ಹ್ಯಾಟು. ಎದೆಯ ಮೇಲೆ ಬೆಲ್ಟು.

"ನಮ್ಮೂರಲ್ಲಿ ಇದು ಬರೀ ಮೂಟೆನೇ, ಮಾಮ," ಯಾರ್ಮಿಲಾ ಮೆಲ್ಲಗೆ ಹೇಳಿದಳು. "ಬೇರೆ ಊರಲ್ಲಿ ಇಳಿಯೋ ಮೊದ್ಲು ಅತ್ತೆ ಕೋಟು ಹಾಕೋರು. ಮೊದಲ ಸಲ ಹೊರಗೆ ಹೋದಾಗ ಯಾರೋ ಕೇಳಿದ್ರಂತೆ, ಒಬ್ಳೇ ಬಂದ್ಯಾ, ಗಂಡ ಎಲ್ಲಿ ಅಂತ. ಅಲ್ಲೇ ಕೂತಿದಾನಲ್ಲ ಅಂದ್ರಂತೆ. ಆಮೇಲೆ ಅದೇ ರೂಢಿ ಆಯ್ತು. ಕೊನೇ ಸಲ ಬಂದಾಗ ಕೋಟು ಬಿಚ್ಚೋಕೂ ಆಗ್ಲಿಲ್ಲ ಅವರಿಗೆ. ದಾರೀಲಿ ಮಾತೂ ಆಡ್ತಿದ್ರು. ಲೋಯ್ಜಾ, ನದಿ ನೋಡು. ಲೋಯ್ಜಾ, ಮೋಡ ನೋಡು."

ಬಾಗಿಲಲ್ಲಿ ವ್ಲಾಸ್ತಾ ಬಂದು ನಿಂತಿದ್ದಳು. ಅವಳ ಹಿಂದೆ ಫಾದರ್ ಸಿರಿಲ್, ಪೂಜೆಯ ಉಡುಪಿನಲ್ಲಿ ಬೆವರುತ್ತ.

"ಚರ್ಚಲ್ಲಿ ಜನ ಸೇರ್ತಿದಾರೆ," ವ್ಲಾಸ್ತಾ ಅಂದಳು. ಒಳಗೆ ಕೂತವನನ್ನು ನೋಡಿ ಎದೆಗೆ ಶಿಲುಬೆ ಬರೆದುಕೊಂಡಳು. "ದೇವ್ರೇ! ಭಾವ, ಇದೇನಿದು ಅವತಾರ?"

"ನಾನೇ," ಅಂದ ಲೋಯ್ಜಾ. "ಹಂಗೇರಿಯಲ್ಲಿ ಗೂಳಿಗೂ ಹೆದರ್ಲಿಲ್ಲವಂತೆ."

ಲೋಯ್ಜಾ ಕೊಟ್ಟಿಗೆಯ ಬಾಗಿಲಿನಾಚೆ ನೋಡಿದ. ಒಂದ್ರೇಯ್ ಊರಿನವರನ್ನು ಸುತ್ತ ಸೇರಿಸಿಕೊಂಡು, ಕೈ ಎರಡೂ ರೆಕ್ಕೆ ಮಾಡಿ, ಆಲಿಕಲ್ಲಿನ ಕತೆ ಹೇಳುತ್ತಿದ್ದ. ಊರಿನವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಗುಟ್ಟು ಉಳಿಯಲು ಒಬ್ಬ ಬಾಯಿ ಮುಚ್ಚಿದರೆ ಸಾಲದು.

"ನಾನು ಹತ್ತದೆ ಇದ್ರೆ," ಲೋಯ್ಜಾ ನಿಧಾನವಾಗಿ ಹೇಳಿದ, "ಇಷ್ಟು ದೇಶದವರ ಮುಂದೆ ಓತಿಲ್ಕಾ ಸುಳ್ಳುಗಾತಿ ಆಗ್ತಾಳೆ."

"ಹತ್ತಿದ್ರೆ ಕುರ್ಚಿ ಖಾಲಿ," ವ್ಲಾಸ್ತಾಳ ದನಿ ಒಡೆಯಿತು. "ಅಕ್ಕನ ತಲೆ ಹತ್ರ ಯಾರೂ ಇಲ್ಲದೆ ಅವಳನ್ನ ಇಳಿಸ್ಲಾ? ನೀವು ಹೇಳಿ ಫಾದರ್."

ಫಾದರ್ ಸಿರಿಲ್ ಹಣೆ ಒರೆಸಿಕೊಂಡರು. ಅವರು ಓತಿಲಿಯಾಳ ಪಾಪನಿವೇದನೆ ಕೇಳಿದವರು, ಮೂಟೆಯ ಸಂಗತಿ ಅವರಿಗೆ ಹೊಸದಲ್ಲದೆ ಇರಬಹುದು. ಅಲ್ಲಿ ಕೇಳಿದ್ದನ್ನು ಪಾದ್ರಿ ಹೊರಗೆ ಹೇಳುವಂತಿರಲಿಲ್ಲ.

ಲೋಯ್ಜಾ ಕೈ ಮುಂದೆ ಮಾಡಿ ಬೆಲ್ಟು ಬಿಚ್ಚಿದ. ಮೂಟೆಯನ್ನು ಎದೆಗೆ ಅಪ್ಪಿ ಹೊರಗೆಳೆದ. ತಾನೇ ತೂಗಿದ್ದು, ತೂಕ ಅವನಿಗೆ ಗೊತ್ತಿತ್ತು. ಕೊನೆಯ ವಸಂತದ ತೂಕ.

"ಕುರ್ಚಿ ಖಾಲಿ ಇರಲ್ಲ, ವ್ಲಾಸ್ತಾ," ಅಂದ. "ಇಷ್ಟು ವರ್ಷ ಇವನು ನನ್ನ ಜಾಗದಲ್ಲಿ ಕೂತ. ಇವತ್ತೊಂದು ಗಂಟೆ ಕೂರಲ್ವಾ?"

"ಫಾದರ್!" ವ್ಲಾಸ್ತಾ ಕೂಗಿದಳು. "ಸ್ಮಶಾನದಲ್ಲಿ ಗೋಧಿ ಮೂಟೆ!"

ಫಾದರ್ ಸಿರಿಲ್ ಮೂಟೆಯನ್ನು ನೋಡಿದರು, ಲೋಯ್ಜಾನನ್ನು ನೋಡಿದರು. "ಪ್ರತಿ ಭಾನುವಾರ ನನ್ನೆದುರು ಮೂಟೆ ಥರ ಕೂತು ನಿದ್ದೆ ಹೊಡೆಯೋರು ಎಷ್ಟು ಜನ ಇಲ್ಲ ವ್ಲಾಸ್ತಾ? ಅವರಿಗೂ ಆಶೀರ್ವಾದ ಮಾಡ್ತೀನಿ. ಇವನಾದ್ರೂ ಗೊರಕೆ ಹೊಡೆಯಲ್ಲ."

*

ಚರ್ಚಿನ ಪೂಜೆಯಲ್ಲಿ ಲೋಯ್ಜಾ ಮೊದಲ ಸಾಲಿನಲ್ಲೇ ಕೂತಿದ್ದ. ಪೆಟ್ಟಿಗೆ ಹೊರಗೆ ಬಂದು, ವಾದ್ಯದವರು ಮುಂದಾಗಿ, ಮೆರವಣಿಗೆ ಸ್ಮಶಾನದ ಕಡೆ ತಿರುಗಿದಾಗ ಅವನು ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಬರ್ತೀನಿ," ಅಂದು ಇನ್ನೊಂದು ದಾರಿ ಹಿಡಿದ. ಹಾರುವ ಜನ ಟೊಪ್ಪಿ ತೆಗೆದು ದಾರಿ ಬಿಟ್ಟರು.

ಕಾಲು ವಿಮಾನದ ಬಾಗಿಲವರೆಗೆ ಬಂತು. ಅಲ್ಲಿಂದ ಮುಂದೆ ಬರಲಿಲ್ಲ.

"ಮಾಮ," ಎಡಗಡೆ ಸೀಟಿನಿಂದ ಯಾರ್ಮಿಲಾ ಕರೆದಳು, "ಪ್ಲಮ್ ಇನ್ನೂ ಹಣ್ಣಾಗಿಲ್ಲ."

"ಗೊತ್ತಮ್ಮ. ಬೆಳಿಗ್ಗೆ ಎದ್ದು ನೋಡ್ದೆ."

ಅವನು ಕಣ್ಣು ಮುಚ್ಚಿಕೊಂಡು ಹಿಂದು ಹಿಂದಾಗಿ ಕೂತ, ತಣ್ಣೀರಿಗೆ ಇಳಿಯುವವನ ಹಾಗೆ. ಯಾರ್ಮಿಲಾ ಬೆಲ್ಟು ಎಳೆದು ಕೊಂಡಿ ಹಾಕಿದಳು. ಹಾಕಿದವಳು ಮತ್ತೊಮ್ಮೆ ಎಳೆದು ನೋಡಿದಳು.

"ಏನಾಯ್ತು? ಸಾಲ್ದಾ?"

"ಸರೀಗಿದೆ. ಬಿಗಿ ಮಾಡ್ಬೇಕಾಗ್ಲಿಲ್ಲ, ಸಡಿಲ ಮಾಡ್ಬೇಕಾಗ್ಲಿಲ್ಲ." ಅವಳು ಬೆಲ್ಟಿನ ಮೇಲೆ ಬೆರಳಾಡಿಸಿದಳು. "ಮೂಟೆ ಮೇಲಿಂದ ಬೆಲ್ಟು ಜಾರುತ್ತೆ ಅಂತ ಅತ್ತೆ ಅದಕ್ಕೆ ಹೆಗಲು ಹೊಲಿದಿದ್ರು. ನಿಮ್ಮ ಕೋಟಿನ ಅಳತೆ ಇಟ್ಕೊಂಡು."

ಇಂಜಿನ್ ಹೊತ್ತಿತು. ಹುಲ್ಲು ಕೆಳಗೆ ಗಡಗಡ ಓಡಿತು, ಆಮೇಲೆ ಗಡಗಡ ನಿಂತಿತು. ನಿಂತದ್ದೇ ತಪ್ಪು ಅಂತ ಲೋಯ್ಜಾನಿಗೆ ಅನ್ನಿಸಿತು. ಸೀಟಿನ ಕೆಳಗಿನ ಕಂಬಿಯನ್ನು ಅವನು ಹಿಡಿದ ಹಿಡಿತಕ್ಕೆ ಅದು ಇವತ್ತಿಗೂ ಡೊಂಕಾಗಿಯೇ ಇದೆಯಂತೆ.

"ಕಣ್ಣು ಬಿಡಿ ಮಾಮ. ಮುಚ್ಚಿದ್ರೂ ಎತ್ತರ ಇಷ್ಟೇ."

"ನನ್ನ ಹೊಟ್ಟೆ ಕೆಳಗೇ ಉಳೀತು. ಅದು ಬರ್ಲಿ."

"ಅತ್ತೆಯ ಬಯಲು ಒಂದ್ಸಲ ನೋಡ್ಬಿಡಿ."

ಲೋಯ್ಜಾ ಒಂದು ಕಣ್ಣು ಬಿಟ್ಟ. ಸೂಜಿಗೆ ದಾರ ಪೋಣಿಸುವವನ ಹಾಗೆ, ಅಷ್ಟೇ ಸ್ವಲ್ಪ. ಕೆಳಗೆ ಕೊಯ್ದ ಗೋಧಿಯ ಹೊಲಗಳು ಬಂಗಾರದ ಬಣ್ಣಕ್ಕೆ ಮಲಗಿದ್ದವು. ಪ್ಲಮ್ ಮರಗಳ ಸಾಲು. ಅದರ ಪಕ್ಕದಲ್ಲಿ ಬೆಳಿಗ್ಗೆ ತಾನೇ ಕೊಯ್ದ ಹುಲ್ಲಿನ ಪಟ್ಟಿ. ಅವನು ಇನ್ನೊಂದು ಕಣ್ಣೂ ಬಿಟ್ಟ.

"ಯಾರ್ಮಿಲಾ!"

"ಏನು ಮಾಮ? ವಾಂತಿ ಬಂತಾ?"

"ಸೊಟ್ಟ ಕಣೇ! ಸೌತೆಕಾಯಿ ಥರ ಸೊಟ್ಟ!" ಲೋಯ್ಜಾ ಕಿಟಕಿಗೆ ಮೂಗು ಒತ್ತಿದ. "ಇಷ್ಟು ವರ್ಷ ಇದರ ಮೇಲೆ ಹೆಂಗೆ ಇಳಿದ್ಲೇ ಅವಳು? ನಂಗೆ ಯಾಕೆ ಯಾರೂ ಹೇಳ್ಲಿಲ್ಲ?"

"ಅತ್ತೆ ದಿನಾ ಹೇಳ್ತಿದ್ರಲ್ಲ!"

"ಅವಳು ಹೇಳಿದ್ರೆ ನಂಬ್ತಾರೇನೇ?"

ಅವನು ನಗಲು ಶುರು ಮಾಡಿದ. ಭುಜ ಕುಣಿಸಿ, ಕೆಮ್ಮಿ, ಟೈ ತುದಿಯಲ್ಲಿ ಕಣ್ಣು ಒರೆಸಿಕೊಂಡು ನಕ್ಕ. ಆ ನಗುವಿಗೋ ಏನೋ ಪುಟ್ಟ ವಿಮಾನವೂ ಒಮ್ಮೆ ಕುಲುಕಿತು. ಯಾರ್ಮಿಲಾ ರೆಕ್ಕೆ ವಾಲಿಸಿ ಸ್ಮಶಾನದ ಕಡೆ ತಿರುಗಿಸಿದಳು. ಲೋಯ್ಜಾನ ಕೈ ಕಂಬಿಯಿಂದ ಯಾವಾಗ ಬಿಟ್ಟಿತೋ ಅವನಿಗೇ ತಿಳಿಯಲಿಲ್ಲ.

ಗೋಡೆಯೊಳಗೆ ಕರಿ ಬಟ್ಟೆಯ ಜನ. ಮಧ್ಯದಲ್ಲಿ ಗುಂಡಿ, ಅದರ ಬದಿಗೆ ಅಡುಗೆಮನೆಯ ಕುರ್ಚಿ, ಕುರ್ಚಿಯ ಮೇಲೆ ಹಸಿರು ಹ್ಯಾಟು ಹಾಕಿಕೊಂಡು ತಾನು. ಹಗ್ಗ ಸಡಿಲವಾಗುತ್ತಿತ್ತು. ಪೆಟ್ಟಿಗೆ ಇಳಿಯುತ್ತಿತ್ತು. ವಾದ್ಯದ ಕಹಳೆಗಳು ಬಿಸಿಲಿಗೆ ಮಿಂಚಿದವು, ಸದ್ದು ಇಲ್ಲಿಗೆ ಬರಲಿಲ್ಲ.

ಹಗ್ಗ ಮೇಲೆ ಬಂತು. ಫಾದರ್ ಸಿರಿಲ್ ಕುರ್ಚಿಯ ಕಡೆ ಕೈ ತೋರಿಸಿದರು. ಮೊದಲ ಹಿಡಿ ಮಣ್ಣು ಗಂಡನದು. ಜನವೆಲ್ಲ ಕುರ್ಚಿಯ ಕಡೆ ನೋಡಿದರು. ಕುರ್ಚಿಯವನು ಕದಲಲಿಲ್ಲ.

ಆಗ ವ್ಲಾಸ್ತಾ ಮುಂದೆ ಬಂದಳು. ಮೇಲಿಂದಲೂ ಅವಳ ನಾಟಿ ನಡಿಗೆ ಗುರುತು ಸಿಕ್ಕಿತು. ಕುರ್ಚಿಯವನ ಹ್ಯಾಟು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, ಚೀಲ ಕಟ್ಟಿದ್ದ ದಾರ ಬಿಚ್ಚಿ, ಕೈ ಒಳಗೆ ಹಾಕಿದಳು. ಗುಂಡಿಯ ಮೇಲೆ ಬಿಸಿಲಿನಲ್ಲಿ ಏನೋ ಹೊಳೆದು ಬಿದ್ದಿತು. ಅವಳ ಹಿಂದೆ ಒಂದ್ರೇಯ್ ತನ್ನ ಮೊರದಂಥ ಅಂಗೈ ಹಾಕಿದ, ಒಂದು ಗಳಿಗೆ ಚೀಲದೊಳಗೆ ನೋಡುತ್ತ ನಿಂತ. ಆಮೇಲೆ ತಲೆ ಹಿಂದಕ್ಕೆ ಎಸೆದು ಆಕಾಶದ ಕಡೆ ನೋಡಿದ. ಅವನ ಭುಜಗಳು ಕುಣಿಯುತ್ತಿದ್ದವು, ಅಳುವಿಗೋ ನಗುವಿಗೋ ಅಷ್ಟು ದೂರದಿಂದ ಹೇಳಲಾಗುತ್ತಿರಲಿಲ್ಲ. ಅವನ ಹೆಂಡತಿ, ಪೋಲೆಂಡಿನ ಮುದುಕ, ವಾದ್ಯದವರು, ಊರು, ಒಬ್ಬೊಬ್ಬರೇ ಬಂದು ಒಂದೊಂದು ಹಿಡಿ ತೆಗೆದು ಒಂದೊಂದು ಹಿಡಿ ಹಾಕಿದರು.

"ಇನ್ನೊಂದು ಸುತ್ತು ಹೋಗೋಣ್ವಾ ಮಾಮ?"

"ಹೂಂ," ಅಂದ ಲೋಯ್ಜಾ. "ಇನ್ನೂ ಸ್ವಲ್ಪ ಮೇಲಿಂದ."

ಅವರು ಏರಿದರು. ಕುರ್ಚಿಯವನು ಹಿಡಿ ಹಿಡಿಯಾಗಿ ಕುಗ್ಗುತ್ತ ಹೋದ, ಮೊದಲು ಹೆಗಲು, ಆಮೇಲೆ ಎದೆ. ಗುಬ್ಬಚ್ಚಿಗಳು ಬಂದು ಗುಂಡಿಯ ಸುತ್ತ ಇಳಿಯತೊಡಗಿದವು, ಯಾರೂ ಓಡಿಸಲಿಲ್ಲ. ವ್ಲಾಸ್ತಾ ಹಸಿರು ಹ್ಯಾಟನ್ನು ತಲೆಯ ಮೇಲೆತ್ತಿ ಆಕಾಶಕ್ಕೆ ಬೀಸಿದಳು. ಕುರ್ಚಿಯ ಮೇಲೆ ಕಂದು ಕೋಟೊಂದೇ ಉಳಿದಿತ್ತು. ಅದರ ಒಂದು ತೋಳು ಜಾರಿ, ಗುಂಡಿಯ ಅಂಚು ದಾಟಿ, ಒಳಕ್ಕೆ ಇಳಿಬಿದ್ದಿತ್ತು.